ಸಮಾಲೋಚಕರ ಪದವಿಗೆ ತೂಕ ಬರುವುದು ಎಲ್ಲಿಂದ?

ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ತೀರ್ಪು ಕೊಟ್ಟಿತು. ತನಿಖೆಯನ್ನು ಸಿಬಿಐಗೆ ಒಪ್ಪಿಸಿದ ನ್ಯಾಯಾಲಯ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಸರ್ಕಾರ ಕಾನೂನು ಮಾಡುವವರೆಗೆ ದೇಶದ ಎಲ್ಲ ಶಾಲೆ, ಕಾಲೇಜು, ಹಾಸ್ಟೆಲು, ಕೋಚಿಂಗ್ ಕೇಂದ್ರಗಳೂ ಪಾಲಿಸಬೇಕಾದ ಮಾರ್ಗಸೂಚಿಗಳನ್ನು ಹೊರಡಿಸಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜಕಾರ್ಯ ಓದಿದವರೋ ಒಬ್ಬರಾದರೂ ಇರಬೇಕು ಎಂಬುದು ಅವುಗಳಲ್ಲೊಂದು. ಕರ್ನಾಟಕದ ಪಿಯು ಕಾಲೇಜುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೂ ಸಾವಿರಾರು ಜನ ಬೇಕಾಗುತ್ತಾರೆ. ಅಷ್ಟು ಜನ ಎಲ್ಲಿಂದ ಬರುತ್ತಾರೆ? ಬಂದವರು ಏನು ಕಲಿತಿರಬೇಕು, ಅದನ್ನು ಎಲ್ಲಿ ಕಲಿತಿರಬೇಕು?

ಕಾಲೇಜುಗಳ ಪ್ರವೇಶದ ಕಾಲ ಬಂತೆಂದರೆ ಈ ಪ್ರಶ್ನೆ ಮನೆಮನೆಗೂ ಇನ್ನೊಂದು ರೂಪದಲ್ಲಿ ಬರುತ್ತದೆ. ಮಗಳು ಬಿ.ಎ. ಸೈಕಾಲಜಿ ಮುಗಿಸಿದ್ದಾಳೆ, ಎಂ.ಎಸ್ಸಿ. ಕೌನ್ಸೆಲಿಂಗ್ ಸೈಕಾಲಜಿ ಮಾಡುತ್ತೇನೆನ್ನುತ್ತಾಳೆ, ಮಾಡಿಸಬಹುದೇ ಎಂದು ತಂದೆತಾಯಿ ಕೇಳುತ್ತಾರೆ. ಧಾರಾಳವಾಗಿ ಮಾಡಿಸಬಹುದು ಎಂದೇ ನನ್ನ ಉತ್ತರ. ಆದರೆ ಕಾಲೇಜಿನ ಹೆಸರು, ಕಟ್ಟಡ, ಪ್ಲೇಸ್‌ಮೆಂಟಿನ ಜಾಹೀರಾತು ಇವುಗಳನ್ನೆಲ್ಲ ಬದಿಗಿಟ್ಟು ಒಂದನ್ನೇ ವಿಚಾರಿಸಬೇಕು: ಎರಡು ವರ್ಷದಲ್ಲಿ ವಿದ್ಯಾರ್ಥಿ ನಿಜವಾದ ಮನುಷ್ಯರ ಎದುರು ಎಷ್ಟು ಗಂಟೆ ಕೂರುತ್ತಾಳೆ, ಅವಳಾಡಿದ ಮಾತನ್ನು ಅನುಭವಿ ಗುರುವೊಬ್ಬರು ಎಷ್ಟು ಗಂಟೆ ಕೇಳಿ ತಿದ್ದುತ್ತಾರೆ? ಈ ಪದವಿಯ ತೂಕವೆಲ್ಲ ಅಲ್ಲಿದೆ. ಉಳಿದದ್ದನ್ನು ಗ್ರಂಥಾಲಯದಲ್ಲಿ ಕೂತು ಸಂಪಾದಿಸಿಕೊಳ್ಳಬಹುದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ, ನಮ್ಮ ಕಾನೂನು ಈ ವಿಷಯದಲ್ಲಿ ವಿದ್ಯಾರ್ಥಿಯ ನೆರವಿಗೆ ಬಹುಕಾಲ ಬರಲೇ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮನೋವೈದ್ಯರಿದ್ದಾರೆ, ಕ್ಲಿನಿಕಲ್ ಸೈಕಾಲಜಿಸ್ಟರಿದ್ದಾರೆ, ಮನೋರೋಗ ಶುಶ್ರೂಷಕರಿದ್ದಾರೆ, ಮನೋವೈದ್ಯಕೀಯ ಸಮಾಜಕಾರ್ಯಕರ್ತರಿದ್ದಾರೆ. ಆಪ್ತ ಸಮಾಲೋಚಕರಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಕ್ಲಿನಿಕಲ್ ಸೈಕಾಲಜಿ ಓದಿದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆ. ಸಮಾಲೋಚನಾ ಮನೋವಿಜ್ಞಾನ ಓದಿದವರಿಗೆ ಅಂಥ ನೆಲೆ ಇರಲಿಲ್ಲ. ಹಾಗಾಗಿ ಎರಡು ವರ್ಷ ಶ್ರಮಪಟ್ಟು ಓದಿದವರ ಬೋರ್ಡಿನ ಪಕ್ಕದಲ್ಲೇ ವಾರಾಂತ್ಯದ ಸರ್ಟಿಫಿಕೇಟ್ ಪಡೆದವರ ಬೋರ್ಡೂ ತೂಗುತ್ತದೆ. ನೊಂದು ಬಂದವರಿಗೆ ಎರಡರ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಮನಶ್ಶಾಸ್ತ್ರಜ್ಞರನ್ನೂ ಹಲವು ಬಗೆಯ ಸಮಾಲೋಚಕರನ್ನೂ ಮೊದಲ ಬಾರಿಗೆ ತನ್ನ ಪಟ್ಟಿಗೆ ಸೇರಿಸಿತು. ರಾಜ್ಯ ಮಂಡಳಿ, ನೋಂದಣಿ, ಏಕರೂಪದ ಶಿಕ್ಷಣ ಇವೆಲ್ಲ ಅದರ ಉದ್ದೇಶಗಳು. ಕೆಲಸ ಮಾತ್ರ ನಿಧಾನವಾಗಿ ಸಾಗುತ್ತಿದೆ. ಇದೇ ಕಾಯ್ದೆಯನ್ನು ಆಧರಿಸಿ ಯುಜಿಸಿ 2025ರಲ್ಲಿ ಮನೋವಿಜ್ಞಾನವನ್ನು ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಕಲಿಸುವುದನ್ನು ನಿಲ್ಲಿಸಲು ಹೇಳಿತು. ಕೆಲಸ ಮಾಡುತ್ತಲೇ ಓದುತ್ತಿದ್ದ ಅನೇಕರಿಗೆ, ಅದರಲ್ಲೂ ಮದುವೆಯಾದ ಮೇಲೆ ಮತ್ತೆ ಪುಸ್ತಕ ಹಿಡಿದ ಹೆಂಗಸರಿಗೆ, ಇದರಿಂದ ಬಾಗಿಲು ಮುಚ್ಚಿದಂತಾಯಿತು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ನಿರ್ಧಾರದ ಹಿಂದಿನ ತರ್ಕವನ್ನು ನಾನು ಒಪ್ಪುತ್ತೇನೆ. ಎದುರು ಕೂತು ಕಲಿಯಬೇಕಾದ ವಿದ್ಯೆಯನ್ನು ಅಂಚೆಯಲ್ಲಿ ಕಳಿಸಲಾಗದು. ಆದರೆ ಎದುರು ಕೂರಿಸಿಕೊಂಡ ಕಾಲೇಜುಗಳು ಅದನ್ನು ಕಲಿಸುತ್ತಿವೆಯೇ ಎಂದೂ ಕೇಳಬೇಕಲ್ಲವೇ? ಅದನ್ನು ಯಾರೂ ಅಷ್ಟು ಗಟ್ಟಿಯಾಗಿ ಕೇಳಿಲ್ಲ.

ಈ ಶಾಸ್ತ್ರ ಹುಟ್ಟಿದ ಬಗೆಯನ್ನು ಸ್ವಲ್ಪ ನೆನೆಯಬೇಕು. ಬಾಸ್ಟನ್ನಿನಲ್ಲಿ 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಉದ್ಯೋಗ ಆರಿಸಿಕೊಳ್ಳಲಾಗದೆ ಒದ್ದಾಡುತ್ತಿದ್ದ ತರುಣರಿಗಾಗಿ ಒಂದು ಕಚೇರಿ ತೆರೆದ. ಎರಡನೆಯ ಮಹಾಯುದ್ಧ ಮುಗಿದು ಲಕ್ಷಾಂತರ ಸೈನಿಕರು ಓದಿಗೆ, ಕೆಲಸಕ್ಕೆ, ಸಂಸಾರಕ್ಕೆ ಮರಳಿದಾಗ ಅವರ ಜೊತೆ ಕೂತು ಮಾತಾಡುವವರು ಬೇಕಾದರು. ಮನಶ್ಶಾಸ್ತ್ರಜ್ಞ ಕಾರ್ಲ್ ರಾಜರ್ಸ್ 1942ರಲ್ಲಿ, ಮತ್ತೆ 1951ರಲ್ಲಿ ಬರೆದ ಪುಸ್ತಕಗಳು ಕೇಳಿಸಿಕೊಳ್ಳುವುದೇ ಒಂದು ಶಿಸ್ತು ಎಂದು ತೋರಿಸಿದವು. ಕೌನ್ಸೆಲಿಂಗ್ ಸೈಕಾಲಜಿ ಎಂಬ ಹೆಸರು ನೆಲೆಯಾದದ್ದೂ ಅದೇ 1951ರ ಸುಮಾರಿಗೆ. ಅಂದರೆ ಇದು ಆಸ್ಪತ್ರೆಯ ವಾರ್ಡಿನಲ್ಲಿ ಹುಟ್ಟಿದ್ದಲ್ಲ. ಓದು, ಉದ್ಯೋಗ, ಮದುವೆ, ಸಾವು ಎಂದು ಎಲ್ಲರ ಬಾಳಿಗೂ ಬರುವ ಕಷ್ಟಗಳ ನಡುವೆ ಹುಟ್ಟಿದ್ದು. ನಮ್ಮಲ್ಲಿ ಕ್ಲಿನಿಕಲ್ ಸೀಟು ಸಿಗದವರು ಕೌನ್ಸೆಲಿಂಗಿಗೆ ಸೇರುತ್ತಾರೆಂಬ ಮಾತಿದೆ; ಕೆಲವು ಅಧ್ಯಾಪಕರೇ ಹಾಗೆ ಹೇಳುತ್ತಾರೆ. ಇದು ತಪ್ಪು ಮಾತ್ರವಲ್ಲ, ಅಪಾಯಕಾರಿ ಕೂಡ. ತಾನು ಎರಡನೆಯ ದರ್ಜೆಯವಳೆಂದು ನಂಬಿಕೊಂಡ ವಿದ್ಯಾರ್ಥಿನಿ ತನ್ನದೇ ಶಾಸ್ತ್ರವನ್ನು ಮನಸ್ಸಿಟ್ಟು ಕಲಿಯುವುದಿಲ್ಲ. ರೋಗಲಕ್ಷಣಗಳ ಪಟ್ಟಿ ಬಾಯಿಪಾಠ ಮಾಡಿ, ಎದುರಿಗಿರುವ ಹುಡುಗನ ಬಡತನವನ್ನೋ ಪರೀಕ್ಷೆಯ ಭಯವನ್ನೋ ಬಿಟ್ಟು ಅವನಿಗೊಂದು ಕಾಯಿಲೆಯ ಹೆಸರು ಹುಡುಕುತ್ತಾಳೆ.

ಈಗ ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಬಹಳ ಗಟ್ಟಿಯಾದ ಸಾಕ್ಷ್ಯವೊಂದಿದೆ. ಅದು ನಮ್ಮ ಪಕ್ಕದ ಗೋವಾದ್ದು. ವಿಕ್ರಂ ಪಟೇಲ್ ಮತ್ತು ಸಂಗಡಿಗರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತೀವ್ರ ಖಿನ್ನತೆಯಿದ್ದ 495 ಜನ ಅದರಲ್ಲಿದ್ದರು. ಅವರಲ್ಲಿ ಒಂದು ಗುಂಪಿಗೆ ಮಾಮೂಲು ಉಪಚಾರದ ಜೊತೆಗೆ ಆರರಿಂದ ಎಂಟು ಭೇಟಿಗಳ ಸಮಾಲೋಚನೆ ಸಿಕ್ಕಿತು. ಅದನ್ನು ಕೊಟ್ಟವರು ಮನಶ್ಶಾಸ್ತ್ರದ ಪದವೀಧರರಲ್ಲ, ಹಿಂದೆ ಈ ಕ್ಷೇತ್ರದ ಗಂಧವೇ ಇಲ್ಲದ ಸ್ಥಳೀಯರು. ಮೂರು ತಿಂಗಳ ಕೊನೆಗೆ ಆ ಗುಂಪಿನವರು ಸ್ಪಷ್ಟವಾಗಿ ಹೆಚ್ಚು ಚೇತರಿಸಿಕೊಂಡಿದ್ದರು. ಹಾಗಾದರೆ ಸ್ನಾತಕೋತ್ತರ ಪದವಿ ಯಾಕೆ ಬೇಕು? ಆಶಾ ಕಾರ್ಯಕರ್ತೆಗೋ ಅಂಗನವಾಡಿ ಶಿಕ್ಷಕಿಗೋ ತರಬೇತಿ ಕೊಟ್ಟರೆ ಸಾಲದೇ? ನಮ್ಮ ರಾಜ್ಯದಲ್ಲೇ ನಿಮ್ಹಾನ್ಸ್ ನೆರವಿನ ಯುವ ಸ್ಪಂದನ ಕಾರ್ಯಕ್ರಮ ಊರೂರಿನ ತರುಣರನ್ನೇ ಈ ಕೆಲಸಕ್ಕೆ ತಯಾರು ಮಾಡಿದೆ.

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವ ಪದವೀಧರರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಗೋವಾದ ಅಧ್ಯಯನದಿಂದ ಕಲಿಯಬೇಕಾದ್ದು ಬಹಳ ಇದೆ. ಆ ಸ್ಥಳೀಯ ಸಮಾಲೋಚಕರಿಗೆ ತರಗತಿಯ ಪಾಠ ಕೆಲವೇ ವಾರ. ಅದಾದ ಮೇಲೆ ತಿಂಗಳುಗಟ್ಟಲೆ ರೋಗಿಗಳೊಡನೆ ಅಭ್ಯಾಸ. ಅವರ ಮಾತುಕತೆ ಧ್ವನಿಮುದ್ರಣವಾಗುತ್ತಿತ್ತು. ಸಂಗಾತಿಗಳೂ ತಜ್ಞರೂ ಕೂಡಿ ಅದನ್ನು ಕೇಳಿ, ಅಂಕ ಕೊಟ್ಟು, ಎಲ್ಲಿ ಎಡವಿದರೆಂದು ಚರ್ಚಿಸುತ್ತಿದ್ದರು. ನಮ್ಮ ಎಷ್ಟೋ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಎರಡು ವರ್ಷದಲ್ಲಿ ಸಿಗದ ಭಾಗ್ಯ ಅದು. ಹಾಗಾಗಿ ಆ ಅಧ್ಯಯನವನ್ನು ಪದವಿಯೇ ಬೇಡವೆಂದು ಓದಿಕೊಳ್ಳುವುದಕ್ಕಿಂತ, ಪದವಿಯಲ್ಲಿ ಏನಿರಬೇಕೆಂದು ಓದಿಕೊಳ್ಳುವುದು ಮೇಲು. ಜೊತೆಗೆ, ಅಲ್ಲಿನವರು ಮಾಡಿದ್ದು ಒಂದು ಕಾಯಿಲೆಗೆ ಒಂದು ಸಿದ್ಧ ವಿಧಾನದ ಕೆಲಸ. ಕಾಲೇಜಿನ ಒಂದು ಕೋಣೆಯಲ್ಲಿ ಒಬ್ಬಳೇ ಕೂರುವ ಸಮಾಲೋಚಕಿಗೆ ಬಾಗಿಲು ತೆರೆದು ಯಾರು, ಯಾವ ಕಷ್ಟ ಹೊತ್ತು ಬರುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ.

ಹುಬ್ಬಳ್ಳಿಯ ಕಡೆಯ ಒಂದು ಪಿಯು ಕಾಲೇಜಿನಲ್ಲಿ ನಡೆಯಬಹುದಾದ ಇಂಥ ಸಂದರ್ಭ ತೆಗೆದುಕೊಳ್ಳಿ. ತಂದೆ ಮಗನನ್ನು ಕರೆತಂದಿದ್ದಾರೆ. “ಮೇಡಂ, ಇವ ಓದೋದ ಬಿಟ್ಟಾನ್ರಿ. ಬರೇ ಮೊಬೈಲ್. ನಮ್ಮ ಮಾತು ಕೇಳಂಗಿಲ್ಲ. ನೀವರ ನಾಕು ಬುದ್ಧಿ ಮಾತು ಹೇಳ್ರಿ.” ತರಬೇತಿಗೆ ಬಂದ ಹುಡುಗಿಗೆ ಇಪ್ಪತ್ತಮೂರು ವರ್ಷ. ಎದುರಿಗಿರುವ ಹಿರಿಯರು ಬುದ್ಧಿ ಹೇಳಲು ಕೇಳುತ್ತಿದ್ದಾರೆ, ಪುಸ್ತಕದಲ್ಲಿ ರಾಜರ್ಸ್ ಬುದ್ಧಿ ಹೇಳಬೇಡ ಎಂದಿದ್ದಾನೆ. ತಂದೆಯನ್ನು ಹೊರಗೆ ಕೂರಿಸಿ ಹುಡುಗನೊಡನೆ ಮಾತು ಶುರುಮಾಡುತ್ತಾಳೆ. ಅವನು ನೆಲ ನೋಡುತ್ತಾ ಕೂರುತ್ತಾನೆ. ಆ ಮೌನ ತಡೆಯಲಾಗದೆ ಅವಳೇ ಮಾತಾಡತೊಡಗುತ್ತಾಳೆ: ಟೈಮ್‌ಟೇಬಲ್ ಹಾಕಿಕೋ, ಬೆಳಿಗ್ಗೆ ಐದಕ್ಕೆ ಏಳು, ಅಪ್ಪ ಅಮ್ಮ ಎಷ್ಟು ಕಷ್ಟಪಡುತ್ತಾರೆ ನೋಡು. ಹುಡುಗ ತಲೆಯಾಡಿಸಿ ಎದ್ದುಹೋಗುತ್ತಾನೆ, ಮತ್ತೆ ಬರುವುದಿಲ್ಲ. ಗುರುವಿಲ್ಲದ ಕಡೆ ಈ ಕಥೆ ಇಲ್ಲಿಗೇ ಮುಗಿಯುತ್ತದೆ. ದಾಖಲೆ ಪುಸ್ತಕದಲ್ಲಿ ಒಂದು ಕೇಸು ಎಂದು ಬರೆದು ಸಹಿ ಮಾಡಿಸಿಕೊಳ್ಳಬಹುದು.

ಗುರುವಿರುವ ಕಡೆ ಕಥೆ ಶುರುವಾಗುವುದೇ ಇಲ್ಲಿಂದ. ಒಪ್ಪಿಗೆ ಪಡೆದು ಮಾಡಿಕೊಂಡ ಧ್ವನಿಮುದ್ರಣವನ್ನು ಇಬ್ಬರೂ ಕೂತು ಕೇಳುತ್ತಾರೆ. ಮೌನದ ಜಾಗದಲ್ಲಿ ಗುರು ನಿಲ್ಲಿಸುತ್ತಾರೆ. ಇಲ್ಲಿ ಅವನು ಸುಮ್ಮನಾದ, ನಿನಗೇನಾಯಿತು? ಭಯವಾಯಿತು ಮೇಡಂ, ನನಗೇನೂ ಗೊತ್ತಿಲ್ಲ ಅಂದುಕೊಂಡುಬಿಡುತ್ತಾನೆ ಅನ್ನಿಸಿತು. ಅಂದರೆ ಆ ಬುದ್ಧಿಮಾತೆಲ್ಲ ಯಾರ ಭಯಕ್ಕೆ ಔಷಧಿಯಾಗಿತ್ತು? ಈ ಒಂದು ಪ್ರಶ್ನೆಗೆ ಸಮನಾದ ಪಾಠ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಮುಂದಿನ ಬಾರಿ ಅವಳು ಆ ಮೌನದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂರಬಲ್ಲಳು. ಸಂಗೀತದಲ್ಲಿ ಶ್ರುತಿ ಬಿಟ್ಟದ್ದು ಹಾಡುವವರಿಗಿಂತ ಮೊದಲು ಎದುರು ಕೂತ ಗುರುವಿಗೆ ಕೇಳುವ ಹಾಗೆ, ಇಲ್ಲೂ ತಪ್ಪು ಮೊದಲು ಕೇಳುವುದು ಇನ್ನೊಬ್ಬರ ಕಿವಿಗೆ.

ಅದೇ ಗುರು ಇನ್ನೊಂದು ಮಾತನ್ನೂ ಹೇಳಿಯಾರು: ರಾಜರ್ಸ್ ಹೇಳಿದ್ದೇ ಕೊನೆಯಲ್ಲ. ಪಂಜಾಬಿ ಕವಿಯೂ ಮನೋವೈದ್ಯರೂ ಆಗಿದ್ದ ಜೆ.ಎಸ್. ನೇಕಿ 1973ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಭಾರತೀಯರು ಚಿಕಿತ್ಸಕರಲ್ಲಿ ಗುರುವನ್ನು ಕಾಣುತ್ತಾರೆ, ಆ ಅವಲಂಬನೆಯನ್ನು ರೋಗವೆಂದು ಹಳಿಯದೆ ಚಿಕಿತ್ಸೆಗೆ ಬಳಸಿಕೊಳ್ಳಬಹುದು ಎಂದು ವಾದಿಸಿದರು. ಹುಡುಗ ಎರಡನೆಯ ಭೇಟಿಗೆ ಬಂದನೆಂದೇ ಇಟ್ಟುಕೊಳ್ಳಿ; ಅವಳನ್ನು “ಅಕ್ಕಾ” ಎಂದು ಕರೆಯುತ್ತಾನೆ. ಬೇಡ, ಮೇಡಂ ಅನ್ನು ಎಂದು ತಿದ್ದಬೇಕೇ, ಅಕ್ಕನಾಗಿಬಿಡಬೇಕೇ, ಅಥವಾ ಆ ಕರೆಯನ್ನು ಸ್ವೀಕರಿಸಿಯೂ ತನ್ನ ಮಿತಿಯಲ್ಲಿ ಉಳಿಯಬೇಕೇ? ಮೂರನೆಯದೇ ಸರಿಯೆಂದು ನನಗನ್ನಿಸುತ್ತದೆ. ಆದರೆ ಅದನ್ನು ಸೂತ್ರವಾಗಿ ಬರೆದುಕೊಟ್ಟು ಕಲಿಸಲಾಗದು, ಮಾಡಿಸುತ್ತಾ ಕಲಿಸಬೇಕು.

ಅಷ್ಟರಲ್ಲಿ ಹೊರಗೆ ಕೂತ ತಂದೆ ಎದ್ದು ಬಂದು ಅವ ಏನಂದ ಎಂದು ಕೇಳುತ್ತಾರೆ. ಹದಿನೇಳು ವರ್ಷದ ಮಗನ ಮಾತನ್ನು ತಂದೆಗೆ ಎಷ್ಟು ಹೇಳಬೇಕು? ಅವನು ಒಂದು ಹುಡುಗಿಯನ್ನು ಪ್ರೀತಿಸುತ್ತಿದ್ದಾನೆ, ಇಬ್ಬರೂ ದೈಹಿಕವಾಗಿ ಹತ್ತಿರವಾಗಿದ್ದಾರೆ, ಇಬ್ಬರೂ ಹದಿನೆಂಟರ ಒಳಗಿನವರು ಎಂದು ತಿಳಿದರೆ? 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಸೆಕ್ಷನ್ ಶಿಕ್ಷೆ ವಿಧಿಸುತ್ತದೆ. ಹದಿನೆಂಟರ ಒಳಗಿನವರ ಒಪ್ಪಿಗೆಗೆ ಆ ಕಾಯ್ದೆಯಲ್ಲಿ ಬೆಲೆಯಿಲ್ಲ. ಗುಟ್ಟು ಕಾಯುತ್ತೇನೆಂದು ಮೊದಲ ದಿನ ಮಾತು ಕೊಟ್ಟವಳು ಈಗ ಏನು ಮಾಡಬೇಕು? ಗುಟ್ಟಿಗೂ ಮಿತಿಯಿದೆಯೆಂದು ಮೊದಲ ಭೇಟಿಯಲ್ಲೇ, ಹುಡುಗ ಬಾಯಿ ಬಿಡುವ ಮುನ್ನವೇ, ಅವನಿಗೆ ಅರ್ಥವಾಗುವಂತೆ ಹೇಳಿಡಬೇಕಿತ್ತು. ಒಳ್ಳೆಯ ಮನಸ್ಸು, ತಾಳ್ಮೆ, ಅನುಕಂಪ ಇವು ನಮ್ಮ ಊರಿನ ಎಷ್ಟೋ ಅಜ್ಜಿಯರಲ್ಲಿ ಪದವೀಧರರಿಗಿಂತ ಹೆಚ್ಚಿವೆ, ನಿಜ. ಇಂಥ ಗಳಿಗೆಯಲ್ಲಿ ಅವಷ್ಟೇ ಸಾಲುವುದಿಲ್ಲ. ಕಾನೂನು, ಆತ್ಮಹತ್ಯೆಯ ಅಪಾಯವನ್ನು ಅಳೆಯುವುದು, ತನ್ನ ಕೈಮೀರಿದ್ದನ್ನು ಮನೋವೈದ್ಯರಿಗೆ ಒಪ್ಪಿಸುವುದು, ಹಾಗೆ ಒಪ್ಪಿಸುವಾಗ ಎದುರಿಗಿರುವವರ ಕೈಬಿಟ್ಟಂತೆ ಅನ್ನಿಸದ ಹಾಗೆ ನಡೆದುಕೊಳ್ಳುವುದು, ಇವಕ್ಕೆಲ್ಲ ಎರಡು ವರ್ಷ ಹೆಚ್ಚಲ್ಲ.

ಆ ಎರಡು ವರ್ಷ ಹೇಗೆ ಕಳೆಯುತ್ತದೆ? ವ್ಯಕ್ತಿತ್ವ ಸಿದ್ಧಾಂತಗಳು, ಸಂಖ್ಯಾಶಾಸ್ತ್ರ, ಮನೋಮಾಪನ, ಪ್ರಬಂಧ, ಸೆಮಿನಾರು. ಸೆಮಿಸ್ಟರಿನ ಕೊನೆಗೆ ಒಂದಿಷ್ಟು ವಾರದ ಇಂಟರ್ನ್‌ಶಿಪ್. ಕೆಲವು ಕಡೆ ಇಂಟರ್ನ್‌ಶಿಪ್ ಎಂದರೆ ಹಿರಿಯರ ಪಕ್ಕ ಸುಮ್ಮನೆ ಕೂರುವುದು, ಫೈಲು ತುಂಬುವುದು. ಕೆಲವು ಕಡೆ ವಿದ್ಯಾರ್ಥಿಗಳೇ ದುಡ್ಡು ಕೊಟ್ಟು ಆನ್‌ಲೈನ್ ಇಂಟರ್ನ್‌ಶಿಪ್ ಕೊಳ್ಳುತ್ತಾರೆ. ಅಮೆರಿಕದಲ್ಲಿ ಸಮಾಲೋಚಕರ ಸ್ನಾತಕೋತ್ತರ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೇಕ್ರೆಪ್ ಎಂಬ ಸಂಸ್ಥೆಯ ನಿಯಮ ನೋಡಿ: ಮೊದಲು 100 ಗಂಟೆಯ ಪ್ರಾಯೋಗಿಕ ಅಭ್ಯಾಸ, ಅದರಲ್ಲಿ 40 ಗಂಟೆ ನೇರ ಸಮಾಲೋಚನೆ. ಆಮೇಲೆ 600 ಗಂಟೆಯ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ನೇರ ಸಮಾಲೋಚನೆ. ಇದರುದ್ದಕ್ಕೂ ವಾರವಾರ ಅನುಭವಿ ಗುರುವಿನ ಸೂಪರ್‌ವಿಷನ್. ಎಲ್ಲವನ್ನೂ ಅಮೆರಿಕದಿಂದ ಎತ್ತಿ ತರಬೇಕೆಂದು ನಾನು ಹೇಳುತ್ತಿಲ್ಲ. ಗಂಟೆಗಳನ್ನು ಎಣಿಸುವ, ಅದಕ್ಕೆ ಲೆಕ್ಕ ಕೇಳುವ ಪದ್ಧತಿಯಾದರೂ ಬರಲಿ ಎಂಬುದು ನನ್ನ ಒತ್ತಾಯ. ನಮ್ಮ ಹೊಸ ರಾಜ್ಯ ಮಂಡಳಿಗಳು ಪಠ್ಯಕ್ರಮದ ಪತ್ರಿಕೆಗಳನ್ನು ಎಣಿಸಿ ಮಾನ್ಯತೆ ಕೊಟ್ಟುಬಿಟ್ಟರೆ ಇದ್ದ ಸ್ಥಿತಿಗೇ ಸರ್ಕಾರಿ ಮುದ್ರೆ ಬಿದ್ದಂತಾಗುತ್ತದೆ.

ಗುರುಗಳೇ ಕಡಿಮೆ ಎಂಬುದು ಕಾಲೇಜುಗಳ ಉತ್ತರ. ನಿಜ. ಪಿಎಚ್.ಡಿ., ನೆಟ್ ಮುಗಿಸಿ ಅಧ್ಯಾಪಕರಾದವರಲ್ಲಿ ಎಷ್ಟೋ ಜನ ಒಬ್ಬ ಕ್ಲೈಂಟನ್ನೂ ನೋಡಿಲ್ಲ, ಏಕೆಂದರೆ ನೇಮಕಾತಿಯ ನಿಯಮ ಅದನ್ನು ಕೇಳುವುದೇ ಇಲ್ಲ. ಇಪ್ಪತ್ತು ವರ್ಷ ಕೆಲಸ ಮಾಡಿದ ಸಮಾಲೋಚಕಿಗೆ ನೆಟ್ ಇಲ್ಲವೆಂಬ ಕಾರಣಕ್ಕೆ ವಿಭಾಗದ ಬಾಗಿಲು ತೆರೆಯುವುದಿಲ್ಲ. ವೈದ್ಯಕೀಯ ಶಿಕ್ಷಣದಲ್ಲಿ ರೋಗಿಯನ್ನೇ ನೋಡದವರು ಶಸ್ತ್ರಚಿಕಿತ್ಸೆ ಕಲಿಸುವುದನ್ನು ನಾವು ಒಪ್ಪುತ್ತೇವೆಯೇ?

ಭಾಷೆಯ ಕೊರತೆ ಇನ್ನೊಂದು. ತರಗತಿ ಇಂಗ್ಲಿಷಿನಲ್ಲಿ, ರೋಲ್ ಪ್ಲೇ ಇಂಗ್ಲಿಷಿನಲ್ಲಿ, ಕೇಸಿನ ವರದಿಯೂ ಇಂಗ್ಲಿಷಿನಲ್ಲಿ. ಎದುರು ಬಂದು ಕೂರುವವರು ಮಾತ್ರ ಹಾವೇರಿಯ, ಚಾಮರಾಜನಗರದ, ಕುಂದಾಪುರದ ಕನ್ನಡದವರು. ಕನ್ನಡಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. ಮೈಸೂರು ವಿಶ್ವವಿದ್ಯಾಲಯ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನೋವಿಜ್ಞಾನ ವಿಭಾಗ ತೆರೆದದ್ದು 1924ರಲ್ಲಿ, ದೇಶದಲ್ಲಿ ಕಲ್ಕತ್ತೆಯ ನಂತರ. ರಾಶಿ ಎಂದೇ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ ‘ಮನ ಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಜನಸಾಮಾನ್ಯರಿಗಾಗಿ ಕನ್ನಡದಲ್ಲಿ ಬರೆದ ಪುಸ್ತಕಗಳು ಒಂದೆರಡಲ್ಲ. ಇಷ್ಟಿದ್ದೂ ಎಂ.ಎಸ್ಸಿ. ತರಗತಿಯಲ್ಲಿ ಒಂದು ಗಂಟೆಯ ಕನ್ನಡದ ಸಂದರ್ಶನವನ್ನು ಕೇಳಿಸಿ, ಇಲ್ಲಿ ಈ ಹೆಣ್ಣುಮಗಳು ಗಂಡನ ಮಾತು ಬಂದಾಗ ಯಾಕೆ ಬಹುವಚನಕ್ಕೆ ತಿರುಗಿದಳು, ಎದೆ ಭಾರ ಎಂದಾಗ ಏನು ಕೇಳಬೇಕಿತ್ತು ಎಂದು ಚರ್ಚಿಸುವುದು ಅಪರೂಪ. ಸಿದ್ಧಾಂತ ಇಂಗ್ಲಿಷಿನಲ್ಲೇ ಇರಲಿ, ಅಡ್ಡಿಯಿಲ್ಲ. ಅಭ್ಯಾಸ ಮಾತ್ರ ಜನರ ಮಾತಿನಲ್ಲೇ ಆಗಬೇಕು, ತಿದ್ದುವ ಗುರುವಿಗೂ ಆ ಮಾತು ಬರಬೇಕು.

ಕೊನೆಗೆ ದುಡ್ಡಿನ ವಿಷಯ. ಬೆಂಗಳೂರಿನ ಖಾಸಗಿ ಕಾಲೇಜುಗಳಲ್ಲಿ ಈ ಪದವಿಗೆ ಲಕ್ಷಗಳ ಲೆಕ್ಕದಲ್ಲಿ ಖರ್ಚಾಗುತ್ತದೆ. ಓದಿ ಹೊರಬಂದವರಿಗೆ ಸರ್ಕಾರದಲ್ಲಿ ಸಿಗುವುದು ಹೆಚ್ಚಾಗಿ ಗುತ್ತಿಗೆ ಕೆಲಸ: ಎಚ್‌ಐವಿ ತಪಾಸಣೆಯ ಐಸಿಟಿಸಿ ಕೇಂದ್ರ, ಹದಿಹರೆಯದವರ ಸ್ನೇಹ ಕ್ಲಿನಿಕ್, ನೊಂದ ಮಹಿಳೆಯರ ಸಾಂತ್ವನ ಕೇಂದ್ರ. ರಾಜ್ಯದ ಬಡವರ ಕಣ್ಣೀರು ದಿನಾ ಹರಿಯುವ ಈ ಕೋಣೆಗಳಲ್ಲಿ ಕೂತವರಿಗೆ ಸಂಬಳ ಕಡಿಮೆ, ಭದ್ರತೆಯಿಲ್ಲ, ಸೂಪರ್‌ವಿಷನ್ ಅಂತೂ ಇಲ್ಲವೇ ಇಲ್ಲ. ಹಾಗಾಗಿ ಅನುಕೂಲಸ್ಥರ ಮಕ್ಕಳು ಓದಿ ಅನುಕೂಲಸ್ಥರಿಗೇ ಸೆಷನ್ನಿಗೆ ಇಷ್ಟೆಂದು ಸೇವೆ ಕೊಡುವ ವೃತ್ತಿಯಾಗಿ ಇದು ಬೆಂಗಳೂರಿನಲ್ಲಿ ಬೆಳೆಯುತ್ತಿದೆ. ಅವರನ್ನು ನಾನು ದೂರುವುದಿಲ್ಲ. ನೋವಿಗೆ ಶ್ರೀಮಂತ ಬಡವ ಎಂಬುದಿಲ್ಲ. ಆದರೆ ಸುಪ್ರೀಂ ಕೋರ್ಟ್ ಹೇಳಿದ ಆ ಒಬ್ಬ ಸಮಾಲೋಚಕಿ ಸಿಂಧನೂರಿನ ಕಾಲೇಜಿಗೂ ಬರಬೇಕಾದರೆ ಸಿಂಧನೂರಿನ ಹುಡುಗಿ ಇದನ್ನು ಓದಲು ಸಾಧ್ಯವಾಗಬೇಕು.

ಇಂಥ ಕೆಲಸವನ್ನು ಕರ್ನಾಟಕ ಹಿಂದೆ ಮಾಡಿ ತೋರಿಸಿದೆ. ಮನೋವೈದ್ಯಕೀಯ ಸೇವೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ, ಕಾರ್ಯಕರ್ತರ ಕೈಗೆ ಕೊಡಬಹುದೇ ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಈಗ ಸಮಾಲೋಚಕರ ಶಿಕ್ಷಣಕ್ಕೂ ಒಂದು ಜಿಲ್ಲೆ ಆರಿಸಿಕೊಳ್ಳಲಿ. ನನ್ನ ಆಯ್ಕೆ ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ಅಲ್ಲಿದೆ, ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಅಲ್ಲಿದೆ, ಪಿಯು ಕಾಲೇಜುಗಳೂ ಹಾಸ್ಟೆಲುಗಳೂ ತುಂಬಿಕೊಂಡಿವೆ. ಎರಡನೆಯ ವರ್ಷವಿಡೀ ವಿದ್ಯಾರ್ಥಿಗಳು ವಾರದಲ್ಲಿ ಮೂರು ದಿನ ಈ ಕಾಲೇಜುಗಳಲ್ಲಿ ಕೂರಲಿ, ಒಂದು ದಿನ ಡಿಮ್ಹಾನ್ಸಿನಲ್ಲಿ. ವಾರಕ್ಕೊಮ್ಮೆ ಅವರ ಧ್ವನಿಮುದ್ರಣ ಕೇಳಲು ಅನುಭವಿ ಸಮಾಲೋಚಕರನ್ನು, ನೆಟ್ ಇರಲಿ ಇಲ್ಲದಿರಲಿ, ಗೌರವಧನ ಕೊಟ್ಟು ನೇಮಿಸಲಿ. ವಿದ್ಯಾರ್ಥಿಗಳಿಗೆ ಆ ವರ್ಷ ವಿದ್ಯಾರ್ಥಿವೇತನ ಸಿಗಲಿ. ಬದಲಿಗೆ ಪದವಿಯ ನಂತರ ಎರಡು ವರ್ಷ ಸರ್ಕಾರಿ ಕಾಲೇಜೊಂದರಲ್ಲಿ, ಗುತ್ತಿಗೆಯ ಅನಿಶ್ಚಯವಿಲ್ಲದೆ, ಸೂಪರ್‌ವಿಷನ್ ಮುಂದುವರಿಯುವ ಏರ್ಪಾಟಿನೊಡನೆ ಕೆಲಸ ಮಾಡಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಕಾಯ್ದೆಯೂ ಬೇಕಿಲ್ಲ. ಉನ್ನತ ಶಿಕ್ಷಣ, ಆರೋಗ್ಯ, ಪದವಿಪೂರ್ವ ಶಿಕ್ಷಣ ಈ ಮೂರೂ ಇಲಾಖೆಯವರು ಒಂದೇ ಮೇಜಿನ ಸುತ್ತ ಕೂತು ಸಹಿ ಮಾಡಿದರೆ ಮುಂದಿನ ಜೂನಿನಲ್ಲೇ ಮೊದಲ ತಂಡ ಸೇರಬಹುದು.